ಗಾಟ್‌ಲೋಬ್ ಅಜ್ಜನ ಹೊಲದ ಭೀಮ

ಕಳೆದ ವಾರ ಡ್ಯೂಸೆಲ್ಡಾರ್ಫಿನ ಹೊರಗೆ ಒಂದು ಸಿಗ್ನಲ್ಲಿನಲ್ಲಿ ನನ್ನ ಕಾರಿನ ಮುಂದೆ ಲಾರಿಯೊಂದು ನಿಂತಿತ್ತು. ಅದರ ತುಂಬ ಸಕ್ಕರೆ ಗಡ್ಡೆ. ಬೀಟ್‌ರೂಟಿನ ದೊಡ್ಡಪ್ಪನ ಮಕ್ಕಳಂಥ ಬಿಳಿ ಗಡ್ಡೆಗಳು, ಇಲ್ಲಿಯವರು ಸಕ್ಕರೆ ತೆಗೆಯುವುದು ಇದರಿಂದಲೇ. ಆಗತಾನೇ ಕಿತ್ತದ್ದಿರಬೇಕು, ಮೆತ್ತಿದ ಮಣ್ಣು ಇನ್ನೂ ಹಸಿಯಾಗಿತ್ತು. ಚಳಿಯಿದ್ದರೂ ಕಿಟಕಿ ಇಳಿಸಿದೆ. ಆ ಮಣ್ಣಿನ ವಾಸನೆ ಬಂದದ್ದೇ ತಡ, ಸಿಗ್ನಲ್ ಹಸಿರಾದದ್ದು ನನಗೆ ಕಾಣಲೇ ಇಲ್ಲ. ಹಿಂದಿನವನು ಹಾರ್ನ್ ಹೊಡೆದ. ಜರ್ಮನಿಯಲ್ಲಿ ಹಾರ್ನ್ ಹೊಡೆಸಿಕೊಳ್ಳುವುದೆಂದರೆ ಬೈಸಿಕೊಂಡ ಲೆಕ್ಕ. ನಾನು ಮಾತ್ರ ಒಬ್ಬಳೇ ನಗುತ್ತಾ ಗೇರ್ ಹಾಕಿದೆ.

ನೆನಪಾದದ್ದು ದಕ್ಷಿಣ ಜರ್ಮನಿಯ ಸ್ಟ್ರೋಗಾಯ್ ಸೀಮೆ, ಅಲ್ಲಿ ನಾವು ಕಳೆದ ಮೊದಲ ವರ್ಷ. ಹೆಸರಿನ ಅರ್ಥ ಹುಲ್ಲುಸೀಮೆ ಎಂದು ಅಲ್ಲಿಯವರು ಹೇಳುತ್ತಿದ್ದರು. ನಮ್ಮವರಿಗೆ ಶ್ವೀಬರ್ಡಿಂಗೆನ್‌ನ ಕಂಪನಿಯಲ್ಲಿ ಕೆಲಸ. ಮನೆಗಾಗಿ ಎಂಟು ತಿಂಗಳು ಅಲೆದಿದ್ದೆವು. ಫೋನಿನಲ್ಲಿ ಇದ್ದ ಮನೆ, ನಮ್ಮ ಹೆಸರು ಹೇಳುತ್ತಿದ್ದಂತೆ ಬೇರೆಯವರಿಗೆ ಹೋಗಿಬಿಟ್ಟಿರುತ್ತಿತ್ತು. ಒಂದೇ ಕೋಣೆಯಲ್ಲಿ ಗಂಡ, ನಾನು, ಮಗಳು, ನಾಲ್ಕು ಸೂಟ್‌ಕೇಸು. ಕೊನೆಗೆ ಬಸ್ಸಿನಲ್ಲಿ ಇಪ್ಪತ್ತು ನಿಮಿಷ ದೂರದ ಒಂದು ಹಳ್ಳಿಯಲ್ಲಿ ಗಾಟ್‌ಲೋಬ್ ಎಂಬ ರೈತನ ಮನೆಯ ಮೇಲಂತಸ್ತು ಖಾಲಿಯಿದೆ ಎಂದು ಯಾರೋ ಹೇಳಿದರು.

ಗಾಟ್‌ಲೋಬನಿಗೆ ಎಪ್ಪತ್ತು ದಾಟಿತ್ತು. ನಾವು ತಂದಿದ್ದ ಸಂಬಳದ ಚೀಟಿ, ಆ ಪತ್ರ, ಈ ಪತ್ರ ಯಾವುದನ್ನೂ ಬಿಚ್ಚಿ ನೋಡಲಿಲ್ಲ. ನನ್ನ ಮುಖ ನೋಡಿ ಒಂದೇ ಪ್ರಶ್ನೆ ಕೇಳಿದ: "ನಿಮ್ಮ ಕಡೆಯವರು ಹೊಲದ ಮಂದಿಯಾ?" ನನ್ನ ತವರೂ ಗಂಡನ ಮನೆಯೂ ನರಗುಂದದ ಕಡೆ, ಎರೆಭೂಮಿ, ಜೋಳ, ಕಡಲೆ, ಹತ್ತಿ ಎಂದು ಬಂದಷ್ಟು ಜರ್ಮನ್‌ನಲ್ಲಿ ಹೇಳಿದೆ. ಮಣ್ಣಿನ ಬಣ್ಣ ಕೇಳಿದ. ಕಪ್ಪು ಎಂದೆ. ಎಷ್ಟು ಆಳ ಎಂದು ಕೇಳಿದ. ಬೇಸಿಗೆಯಲ್ಲಿ ಬಿಟ್ಟ ಬಿರುಕಿನಲ್ಲಿ ಕೈ ಮೊಣಕೈವರೆಗೆ ಹೋಗುತ್ತದೆ ಎಂದೆ. ಕೀಲಿಕೈ ಕೊಟ್ಟುಬಿಟ್ಟ!

ಒಂದು ಷರತ್ತು ಮಾತ್ರ ಹಾಕಿದ. ಬೀದಿಯ ಆಚೆ ಹಸಿರು ಬಾಗಿಲಿನ ಮನೆಯ ಕಡೆ ಬೆರಳು ತೋರಿಸಿ, "ಅಲ್ಲಿ ನನ್ನ ತಂಗಿ ಹೆಡ್ವಿಗ್ ಇದ್ದಾಳೆ. ನಾವು ಮಾತಾಡಿ ಇಪ್ಪತ್ತೆರಡು ವರ್ಷ ಆಯಿತು. ಆ ಮಾತನ್ನು ನನ್ನ ಮನೆಗೆ ತರಬೇಡಿ. ತಂದರೆ ಬೇರೆ ಮನೆ ನೋಡಿಕೊಳ್ಳಿ," ಅಂದ.

ನಮಗ್ಯಾಕೆ ಬೇಕು ಸ್ವಾಮಿ ಅಣ್ಣ ತಂಗಿಯ ಜಗಳ? ತಲೆಯಾಡಿಸಿದೆವು.

ಆದರೆ ಆ ಊರಿನಲ್ಲಿದ್ದು ಆ ಜಗಳ ಕಾಣದೆ ಇರುವುದು ಹೇಗೆ? ಅಲ್ಲಿ ವಾರಕ್ಕೊಮ್ಮೆ ಪ್ರತಿ ಮನೆಯವರೂ ತಮ್ಮ ಮುಂದಿನ ಬೀದಿ ಗುಡಿಸುವ ಪದ್ಧತಿಯಿದೆ. ಶನಿವಾರ ಗಾಟ್‌ಲೋಬ್ ಅಜ್ಜ ಪೊರಕೆ ಹಿಡಿದು ಬೀದಿಯ ನಟ್ಟನಡುವಿನವರೆಗೆ ಗುಡಿಸಿ ನಿಲ್ಲುತ್ತಿದ್ದ. ಅದೇ ಹೊತ್ತಿಗೆ ಆಚೆಯಿಂದ ಹೆಡ್ವಿಗ್ ಅಜ್ಜಿ ನಡುವಿನವರೆಗೆ ಗುಡಿಸಿಕೊಂಡು ಬರುತ್ತಿದ್ದಳು. ಎರಡು ಪೊರಕೆಗಳು ಒಂದು ಗೇಣು ಅಂತರದಲ್ಲಿ ನಿಂತು, ತಿರುಗಿ ಹೋಗುತ್ತಿದ್ದವು. ಯಾರ ಕಡೆಯ ಕಸ ಯಾರ ಕಡೆಗೂ ದಾಟುತ್ತಿರಲಿಲ್ಲ.

ಜಗಳದ ಮೂಲ ಹೊಲವೇ. ಅದು ಆ ಸೀಮೆಯ ಚರಿತ್ರೆಯೂ ಹೌದು. ಬೇಸಿಗೆಯ ಸಂಜೆ ಸೇಬಿನ ರಸದ ಹುಳಿ ಮದ್ಯ ಕುಡಿಯುತ್ತಾ ಅಜ್ಜ ಹೇಳುತ್ತಿದ್ದ. ಉತ್ತರ ಜರ್ಮನಿಯಲ್ಲಿ ಹೊಲವೆಲ್ಲ ಒಬ್ಬ ಮಗನಿಗೆ, ಉಳಿದವರು ದುಡಿದು ತಿನ್ನಲಿ ಎನ್ನುವ ಪದ್ಧತಿಯಂತೆ. ಇವರ ಕಡೆ ಹಾಗಲ್ಲ. ಎಷ್ಟು ಮಕ್ಕಳೋ ಅಷ್ಟು ಪಾಲು, ಹೆಣ್ಣುಮಕ್ಕಳಿಗೂ ಸರಿಪಾಲು. ಹೊಲವನ್ನು ಉದ್ದುದ್ದಕ್ಕೆ ಸೀಳಿ ಸೀಳಿ ಕೊನೆಗೆ ಧೋತರದಷ್ಟು ಅಗಲದ ಪಟ್ಟಿಗಳು ಉಳಿದವು. ಅದರಲ್ಲಿ ಹೊಟ್ಟೆ ತುಂಬಲಿಲ್ಲ. ಕೆಲವರು ಗಂಟು ಕಟ್ಟಿಕೊಂಡು ಅಮೆರಿಕಕ್ಕೆ ಹೋದರು, ಕೆಲವರು ಕಪ್ಪು ಸಮುದ್ರದ ಕಡೆ ಹೋದರು. ಉಳಿದವರು ಸಂಜೆ ಹೊತ್ತು ನೇಯ್ದರು, ಗಡಿಯಾರ ರಿಪೇರಿ ಮಾಡಿದರು, ಬೀಗ ಮಾಡಿದರು. ಆ ಕೈಕೆಲಸದಿಂದಲೇ ಕಾರ್ಖಾನೆಗಳು ಎದ್ದವು ಎಂಬುದು ಅಜ್ಜನ ಸಿದ್ಧಾಂತ.

"ನಿನ್ನ ಗಂಡನಿಗೆ ಇಲ್ಲಿ ನೌಕರಿ ಸಿಕ್ಕದ್ದು ನಮ್ಮ ಮುತ್ತಜ್ಜಂದಿರು ಹೊಲ ಹರಿದು ಹಂಚಿದ್ದಕ್ಕೆ," ಎಂದು ನಗುತ್ತಿದ್ದ. ಅವನೂ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದು ಟ್ರ್ಯಾಕ್ಟರ್ ಹತ್ತುತ್ತಿದ್ದವನು. ಆ ಊರಿನ ಮುಕ್ಕಾಲು ಗಂಡಸರು ಹಾಗೆಯೇ ಬದುಕಿದ್ದರು. ಮಾತು ಕಡಿಮೆ, ಕೆಲಸ ಜಾಸ್ತಿ, ಹೊಗಳಿಕೆ ಇಲ್ಲವೇ ಇಲ್ಲ. ನಾನು ಮಾಡಿದ ಚಪಾತಿ ತಿಂದು "ಬೈಯುವುದಕ್ಕೇನೂ ಇಲ್ಲ" ಎಂದರೆ ಅದು ಬಹಳ ರುಚಿಯಾಗಿದೆ ಎಂದು ಅರ್ಥ.

ಜಗಳದ ಕತೆ ಮಾತ್ರ ಊರಿನವರಿಂದ ಕೇಳಿದ್ದು. ತಂದೆ ಸತ್ತಾಗ ಅಣ್ಣ ತಂಗಿಗೆ ದೊಡ್ಡ ಹೊಲ ಎರಡು ಪಾಲಾಯಿತು. ಅಣ್ಣ ವರ್ಷವರ್ಷ ಒಂದೊಂದು ಸಾಲು ತನ್ನ ಕಡೆ ಒತ್ತಿಕೊಳ್ಳುತ್ತಿದ್ದಾನೆ ಎಂದು ಹೆಡ್ವಿಗ್ ಊರ ಸಭೆಯಲ್ಲಿ ನಿಂತು ಹೇಳಿಬಿಟ್ಟಳು. ನನ್ನನ್ನು ಕಳ್ಳ ಅಂದಳು ಎಂದು ಅಜ್ಜ ಅಂದಿನಿಂದ ಬಾಯಿ ಮುಚ್ಚಿದ. ನಮ್ಮಲ್ಲಿ ಹೇಳುವುದಿಲ್ಲವೇ, ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು.

ಸೆಪ್ಟೆಂಬರಿನಲ್ಲಿ ಅತ್ತೆ ಬಂದರು, ಮೂರು ತಿಂಗಳ ವೀಸಾದ ಮೇಲೆ. ಎರಡು ಸೂಟ್‌ಕೇಸಿನಲ್ಲಿ ಸೀರೆ ನಾಲ್ಕೇ ನಾಲ್ಕು. ಉಳಿದದ್ದೆಲ್ಲ ಸಜ್ಜೆ ಹಿಟ್ಟು, ಅಗಸಿ ಚಟ್ನಿ, ಶೇಂಗಾ, ಬೆಲ್ಲ. ಬಂದ ಮರುದಿನವೇ ಹೊಲಕ್ಕೆ ಹೋಗಿ ಒಂದು ಹಿಡಿ ಮಣ್ಣು ಹಿಸುಕಿ ಮೂಸಿ ನೋಡಿದರು.

"ಎರಿ ಅಲ್ಲ. ಆದ್ರ ಹೆಂಗ ಐತಿ ನೋಡು ಗಿರಿಜಾ, ಹಿಟ್ಟ ನಾದಿದಂಗ! ಒಂದ ಹಳ್ಳ ಇಲ್ಲ ಇದ್ರಾಗ."

ಹಳ್ಳು ಅಂದರೆ ಸಣ್ಣ ಕಲ್ಲು. ನಿಜವೇ, ಆ ನೆಲದಲ್ಲಿ ಕಲ್ಲೇ ಇಲ್ಲ. ಹಿಂದೆಂದೋ ಗಾಳಿ ಹೊತ್ತು ತಂದು ಸುರಿದ ನುಣ್ಣನೆಯ ಮಣ್ಣು ಅದು ಎಂದು ಅಜ್ಜ ಹೇಳಿದ್ದ. ಅತ್ತೆಗೆ ಇನ್ನೊಂದು ಸೋಜಿಗ, ಹೊಲ ಹೊಲಗಳ ನಡುವೆ ಬದುವೇ ಇಲ್ಲದ್ದು. "ಏನ್ ಮಂದಿವಾ ಇವ್ರು! ಯಾರದ ಎಲ್ಲಿಗೆ ಮುಗೀತು ಅಂತ ಹೆಂಗ ತಿಳೀಬೇಕು?" ಅಂದರು. ಆಗ ನಾನು ನಕ್ಕೆ.

ಅಕ್ಟೋಬರಿನಲ್ಲಿ ಸೀಗಿ ಹುಣ್ಣಿಮೆ ಬಂತು. ನಮ್ಮ ಕಡೆ ಅಂದು ಹೊಲ ತುಂಬಿದ ಬಸುರಿ, ಅವಳ ಬಯಕೆ ತೀರಿಸಬೇಕು. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ಎಡೆಯನ್ನು ಹೊಲದ ತುಂಬ ಚೆಲ್ಲಿ ಬರುತ್ತಾರೆ. ಚರಗ ಚೆಲ್ಲುವುದು ಎನ್ನುತ್ತೇವೆ ಅದಕ್ಕೆ. ಅತ್ತೆ ಹುಟ್ಟಿದಾಗಿನಿಂದ ಒಂದು ವರ್ಷವೂ ಬಿಟ್ಟವರಲ್ಲ. ಅವನ ಹೊಲದಲ್ಲಿ ಮಾಡಬಹುದೇ ಎಂದು ಅಜ್ಜನನ್ನು ಕೇಳಿದೆ. "ಸುಗ್ಗಿಯ ಪ್ರಾರ್ಥನೆಗೆ ಚರ್ಚಿನವರೂ ಬರುತ್ತಾರೆ, ನೀವೂ ಬನ್ನಿ. ಬಿತ್ತನೆಗೆ ಇನ್ನೂ ವಾರವಿದೆ," ಅಂದ.

ನಮ್ಮವರು ಆಫೀಸಿಗೆ ಹೋದರು, ಮಗಳು ಶಾಲೆಗೆ. ಅತ್ತೆ ಮತ್ತು ನಾನು ಸಜ್ಜೆ ರೊಟ್ಟಿ, ಎಣಗಾಯಿ, ಕಡುಬು, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊರಟೆವು. ತಣ್ಣನೆಯ ಬಿಸಿಲು. ಹೊಲದ ಅಂಚಿನಲ್ಲಿ ಒಂದು ಸೇಬಿನ ಮರ. ಅದರ ಕೆಳಗೆ ಜಾಗ ಗುಡಿಸಿದೆವು. ಈಗ ಕಲ್ಲು ಬೇಕಲ್ಲ! ಅರ್ಧ ತಾಸು ಹುಡುಕಿದೆವು. ರಸ್ತೆಯ ಬದಿಯಲ್ಲಿ ನಾಲ್ಕು ಜಲ್ಲಿಕಲ್ಲು ಸಿಕ್ಕವು.

"ಧರ್ಮ, ಅರ್ಜುನ, ನಕುಲ, ಸಹದೇವ ಆದ್ರು. ಭೀಮ ಎಲ್ಲಿ? ಭೀಮ ಅಂದ್ರ ದೊಡ್ಡಾಂವ ಇರಬೇಕವಾ," ಎಂದು ಅತ್ತೆ ಹೊಲದ ಕಡೆ ಕಣ್ಣು ಹಾಯಿಸಿದರು.

ಮೂವತ್ತು ಹೆಜ್ಜೆ ಆಚೆ, ರಸ್ತೆಗೆ ಹತ್ತಿಕೊಂಡಂತೆ, ಮೊಳದುದ್ದದ ಒಂದು ಕಲ್ಲು ಅರ್ಧ ಮಣ್ಣಿನಲ್ಲಿ ವಾಲಿಕೊಂಡಿತ್ತು. ಟ್ರ್ಯಾಕ್ಟರಿನ ಗಾಲಿ ತಾಗಿರಬೇಕು, ತಲೆಯ ತುಂಬ ಪಾಚಿ, ಮೈಗೆಲ್ಲ ಕೆಸರು. "ನೋಡ ಬಂದಾನ!" ಎಂದು ಅತ್ತೆ ಸೆರಗು ಸಿಕ್ಕಿಸಿದರು. ಮಳೆಗೆ ನೆಲ ಮೆತ್ತಗಿತ್ತು. ಅವರು ಅಲುಗಾಡಿಸಿದರು, ನಾನೂ ಕೈ ಹಚ್ಚಿದೆ. ಹಲ್ಲು ಕಿತ್ತಂತೆ ಬಂದುಬಿಟ್ಟಿತು. ಇಬ್ಬರೂ ಹೊರಳಿಸಿ ಹೊರಳಿಸಿ ಮರದ ಕೆಳಗೆ ತಂದೆವು. ಅಕ್ಕಿ ಹಿಟ್ಟು ಕಲಸಿ ಬಳಿದು, ಕುಂಕುಮ ಹಚ್ಚಿ, ಭೀಮಸೇನನನ್ನು ಅಣ್ಣತಮ್ಮಂದಿರ ನಡುವೆ ಕೂರಿಸಿದೆವು. ಆಮೇಲೆ ಚರಗ ಚೆಲ್ಲುತ್ತಾ ಅತ್ತೆ ಆ ಗುಂಡಿಗೂ ಎರಡು ಕಡುಬು, ರೊಟ್ಟಿಯ ಚೂರು ಹಾಕಿದರು. ಹೊಲದಲ್ಲಿ ಗುಂಡಿ ಬಿಟ್ಟು ಹೋಗುವುದು ಒಕ್ಕಲಗಿತ್ತಿಯ ಲಕ್ಷಣವಲ್ಲ ನೋಡಿ. ಕಾಲಿನಿಂದ ಮಣ್ಣೆಳೆದು, ತುಳಿದು, ಕೈಯಿಂದ ಸವರಿ ಸಮ ಮಾಡಿದರು. ಉಂಡು, ಹಾಡಿ, ಸಂತೋಷವಾಗಿ ಮನೆಗೆ ಬಂದೆವು.

ಆ ರಾತ್ರಿ ಜೋರು ಮಳೆ. ಬೆಳಿಗ್ಗೆ ಪಾಂಡವರನ್ನು ಕಳಿಸಿಕೊಟ್ಟು ಬರುತ್ತೇನೆಂದು ಹೋದ ಅತ್ತೆ ಓಡುತ್ತಾ ತಿರುಗಿ ಬಂದರು. ಎಪ್ಪತ್ತರ ಹೆಂಗಸು ಓಡಿದ್ದನ್ನು ನಾನು ಅವತ್ತೇ ನೋಡಿದ್ದು.

"ಗಿರಿಜಾ, ಅದರ ನೆತ್ತಿ ಮ್ಯಾಲ ಗೀರ ಹೊಡದಾರ. ಶಿಲುಬಿಯಂಗ. ಬಾಂದಗಲ್ಲ ಅದು! ಬಾಂದಗಲ್ಲ ಕಿತ್ತೇನಿ ನಾ!"

ಹೊಲದ ಗಡಿಕಲ್ಲು! ನಾನು ಹೋಗಿ ನೋಡಿದೆ. ಪಾಚಿ ತೊಳೆದು ಹೋಗಿ ಅಡ್ಡ ಗೀರು, ಉದ್ದ ಗೀರು ಸ್ಪಷ್ಟವಾಗಿ ಕಾಣುತ್ತಿದ್ದವು. ಕಿತ್ತ ಜಾಗ ಹುಡುಕಿದರೆ ಎಲ್ಲ ಒಂದೇ ಸಮ. ಅಜ್ಜನ ಹೊಲವೂ ಹರಗಿ ಬಿತ್ತನೆಗೆ ಸಿದ್ಧ, ಪಕ್ಕದ್ದೂ ಸಿದ್ಧ. ಪಕ್ಕದ್ದು ಯಾರದ್ದು? ಹೆಡ್ವಿಗ್‌ದು!

ನಮ್ಮವರಿಗೆ ಫೋನ್ ಮಾಡಿದೆ. ಅವರು ಪಿಸುಮಾತಿನಲ್ಲಿ, "ಗಡಿಕಲ್ಲು ಕಿತ್ತರ ಇಲ್ಲಿ ಕ್ರಿಮಿನಲ್ ಕೇಸಾಗತೈತಿ. ಸುಮ್ನಿರ್ರಿ. ರಸ್ತಿ ಕಡೆ ಎಲ್ಲೋ ಒಂದ ಕಡೆ ನೆಟ್ಟ ಬಂದಬಿಡ್ರಿ. ಮನಿ ಹೋದ್ರ ಎಲ್ಲಿಗೆ ಹೋಗೂಣು?" ಅಂದರು. ನನಗೂ ಅದೇ ಸರಿ ಕಂಡಿತು. ಮನೆ ಹೋದರೆ ಮತ್ತೆ ಆ ಒಂದು ಕೋಣೆ, ಮಗಳಿಗೆ ಮತ್ತೆ ಹೊಸ ಶಾಲೆ.

ಅತ್ತೆ ಕೇಳಲಿಲ್ಲ. "ಎಲ್ಲೋ ಒಂದ ಕಡಿ? ಅಂದ್ರ ಯಾರದೋ ಹೊಲ ತಿಂದಂಗ ಅಲ್ಲೇನು? ಬಾಂದಗಲ್ಲ ಸರಿಸಿದಾಂವ ಸತ್ತ ಮ್ಯಾಲ ಅದನ್ನ ಹೊತ್ತಗೊಂಡು ಎಲ್ಲಿ ಇಡ್ಲಿ, ಎಲ್ಲಿ ಇಡ್ಲಿ ಅಂತ ತಿರಗತಾನ. ನನಗ ಅದ ಬ್ಯಾಡ," ಎಂದು ನೇರವಾಗಿ ಕೆಳಗಿಳಿದು ಹೋದರು. ನಾನು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಗಾಟ್‌ಲೋಬ್ ಅಜ್ಜನ ತೋಳು ಹಿಡಿದು ಹೊಲದ ದಾರಿ ಹಿಡಿದಾಗಿತ್ತು.

ಭಾಷೆ ಇಲ್ಲ, ಏನೂ ಇಲ್ಲ. ಕಲ್ಲು ತೋರಿಸಿದರು, ತಮ್ಮ ಎದೆ ಮುಟ್ಟಿಕೊಂಡರು, ಎರಡೂ ಕೆನ್ನೆಗೆ ಹೊಡೆದುಕೊಂಡರು. ಹಿಟ್ಟು ಕುಂಕುಮ ಇಳಿಯುತ್ತಿದ್ದ ಕಲ್ಲನ್ನು ನೋಡಿ ಅಜ್ಜನ ಮುಖ ಬೆಳ್ಳಗಾಯಿತು. ನಾನು ಉಸಿರು ಬಿಡದೆ ಎಲ್ಲವನ್ನೂ ಹೇಳಿದೆ. ಅತ್ತೆಯ ದೆವ್ವದ ಮಾತನ್ನೂ ಹೇಳಿದೆ. ಅಜ್ಜ ಥಟ್ಟನೆ ನನ್ನ ಕಡೆ ತಿರುಗಿದ.

"ನಮ್ಮ ಅಜ್ಜಿಯೂ ಅದನ್ನೇ ಹೇಳುತ್ತಿದ್ದಳು. ಕಲ್ಲು ಉರಿಯುತ್ತಿರುತ್ತದೆ, ಅವನ ಕೈಯಲ್ಲಿ."

ಹೆಡ್ವಿಗ್ ಅಜ್ಜಿಗೆ ಯಾರು ಹೇಳಿದರೋ, ಹತ್ತು ನಿಮಿಷಕ್ಕೆ ಹೊಲದಲ್ಲಿದ್ದಳು. ಕಲ್ಲು ಇಲ್ಲಿತ್ತು ಎಂದು ಅಣ್ಣ ಒಂದು ಕಡೆ ನಿಂತ. ಇಲ್ಲ, ಇಲ್ಲಿರಬೇಕಾಗಿತ್ತು ಎಂದು ತಂಗಿ ಇನ್ನೊಂದು ಕಡೆ ನಿಂತಳು. ಒಬ್ಬರಿಗೊಬ್ಬರು ಹೇಳಲಿಲ್ಲ, ಇಬ್ಬರೂ ನನಗೆ ಹೇಳಿದರು! ಬಿ-ಒನ್ ಪರೀಕ್ಷೆ ಪಾಸಾದ ಜರ್ಮನ್ ಹಿಡಿದುಕೊಂಡು ನಾನು ಜರ್ಮನರ ನಡುವೆ ದುಭಾಷಿಯಾದೆ. ಕೊನೆಗೆ ಇಬ್ಬರೂ ಒಪ್ಪಿದ್ದು ವಿಲ್ಲಿ ಎಂಬ ನಿವೃತ್ತ ಅಂಚೆಯವನನ್ನು ಕರೆಸಲು.

ವಿಲ್ಲಿಯ ಅಪ್ಪ ಊರಿನ ಏಳು ಜನರಲ್ಲಿ ಒಬ್ಬನಾಗಿದ್ದವನು. ಹಿಂದೆ ಗಡಿಕಲ್ಲು ನೆಡಲು ಪ್ರಮಾಣ ಮಾಡಿದ ಏಳು ಜನ ಇರುತ್ತಿದ್ದರು. ಕಲ್ಲಿನ ಕೆಳಗೆ ಸುಟ್ಟ ಮಣ್ಣಿನ ಪುಟ್ಟ ಬಿಲ್ಲೆಗಳನ್ನು ಅವರಿಗಷ್ಟೇ ತಿಳಿದ ರೀತಿಯಲ್ಲಿ ಹೂಳುತ್ತಿದ್ದರು. ಯಾರಾದರೂ ಕಲ್ಲು ಸರಿಸಿದರೂ ಬಿಲ್ಲೆಗಳು ನಿಜ ಹೇಳುತ್ತವೆ. ಸಾಕ್ಷಿಗಳು ಎಂದೇ ಅವುಗಳಿಗೆ ಹೆಸರು. ಗುಟ್ಟು ಬಾಯಿಂದ ಕಿವಿಗೆ ಮಾತ್ರ, ಅಪ್ಪನಿಂದ ವಿಲ್ಲಿಗೆ. ವಿಲ್ಲಿ ಸನಿಕೆ ಹಿಡಿದು ಬಂದವನೇ, "ಎಲ್ಲರೂ ಬೆನ್ನು ತಿರುಗಿಸಿ," ಅಂದ. ಅಣ್ಣ, ತಂಗಿ, ನಾನು ತಿರುಗಿದೆವು. ಅತ್ತೆಗೆ ಹೇಳಿದೆ, ಅವರೂ ತಿರುಗಿ ಸೆರಗನ್ನು ಕಣ್ಣಿಗೆ ಒತ್ತಿಕೊಂಡರು.

ಬಹಳ ಹೊತ್ತು ಅಗೆದ. ಮೊದಲು ಸಿಕ್ಕದ್ದು ನಮ್ಮ ಕಡುಬು.

"ಕಲ್ಲು ಇದ್ದದ್ದು ಇಲ್ಲಿ," ಎಂದು ವಿಲ್ಲಿ ನಕ್ಕ. ಮತ್ತೆ ಅಗೆದ. ಆಮೇಲೆ ನಗು ನಿಂತಿತು. "ಗಾಟ್‌ಲೋಬ್, ತಿರುಗು," ಅಂದ. ಬಿಲ್ಲೆಗಳನ್ನು ಆಗಲೇ ಮಣ್ಣಿನಿಂದ ಮುಚ್ಚಿ ಅದರ ಮೇಲೊಂದು ಗೂಟ ಹೊಡೆದಿದ್ದ. ಗೂಟ ನಿಂತದ್ದು ಕಡುಬಿನ ಗುಂಡಿಯಿಂದ ಒಂದೂವರೆ ಗೇಣು ಈಚೆ, ಅಜ್ಜನ ಹೊಲದೊಳಗೆ. ಎಂದರೆ ಇಷ್ಟು ವರ್ಷ ಅಜ್ಜ ತಂಗಿಯ ನೆಲ ಉಳುತ್ತಿದ್ದ. ನೇಗಿಲು ಕಲ್ಲನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ದೂಡಿತ್ತೋ, ಇವನೇ ದೂಡಿದ್ದನೋ, ದೇವರಿಗೆ ಗೊತ್ತು. ಹೆಡ್ವಿಗ್ ಅಂದದ್ದು ಮಾತ್ರ ಸುಳ್ಳಾಗಿರಲಿಲ್ಲ.

ಅಜ್ಜ ಗೂಟವನ್ನು ನೋಡಿದ, ಟೊಪ್ಪಿಗೆ ಹಾಕಿಕೊಂಡ, ಹೊರಟುಹೋದ.

ಆಮೇಲಿನ ಮೂರು ದಿನಗಳನ್ನು ನಾನು ಮರೆಯಲಾರೆ. ಕೆಳಗಿನ ಬಾಗಿಲು ಸದಾ ಮುಚ್ಚಿಯೇ ಇರುತ್ತಿತ್ತು. ಟ್ರ್ಯಾಕ್ಟರ್ ಹೊರಬರಲಿಲ್ಲ. ಮೆಟ್ಟಿಲ ಮೇಲೆ ಎದುರಾದರೆ ಅಜ್ಜ ಗೋಡೆ ನೋಡುತ್ತಿದ್ದ. ಮುಗಿಯಿತು ಅಂದುಕೊಂಡೆ. ಆ ಮಾತನ್ನು ಮನೆಗೆ ತರಬೇಡಿ ಎಂದಿದ್ದ, ನಾವು ಕಲ್ಲನ್ನೇ ಕಿತ್ತು ತಂದಿದ್ದೆವು. ನಮ್ಮವರು ಮತ್ತೆ ಬಾಡಿಗೆ ಮನೆಗಳ ಜಾಹೀರಾತು ನೋಡತೊಡಗಿದರು. ಮೂರನೆಯ ದಿನ ಮಧ್ಯಾಹ್ನ ಅತ್ತೆ ಏನೋ ಕೇಳಲು ಬಂದರು. ನನಗೆ ಎಲ್ಲಿತ್ತೋ ಸಿಟ್ಟು.

"ಎಂಟ ತಿಂಗಳ ಅಡ್ಡ್ಯಾಡಿ ಹಿಡದ ಮನಿ ನಿಮ್ಮ ಐದ ಕಲ್ಲಿಗೆ ಹೋತು. ನೀವು ಬರದಿದ್ರ ಎಲ್ಲಾ ಚೊಲೋ ಇತ್ತು!"

ಅಂದುಬಿಟ್ಟೆ. ಅತ್ತೆ ಒಳಗೆ ಹೋಗಿ ತಮ್ಮ ನಾಲ್ಕು ಸೀರೆಗಳನ್ನು ಮಡಚಿ ಸೂಟ್‌ಕೇಸಿಗೆ ಇಟ್ಟರು. ಅವರ ಟಿಕೆಟ್ಟಿಗೆ ಇನ್ನೂ ಐದು ವಾರ ಇತ್ತು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ನಾಲ್ಕನೆಯ ದಿನ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದು. ಗಾಟ್‌ಲೋಬ್ ಅಜ್ಜ. ಕೈಯಲ್ಲಿ ಟೊಪ್ಪಿಗೆ, ಗಡ್ಡ ಬೋಳಿಸಿ, ಚರ್ಚಿಗೆ ಹಾಕುವ ಕೋಟು ತೊಟ್ಟಿದ್ದ. ಮನೆ ಬಿಡಲು ಹೇಳುವವನು ಹೀಗೇ ಬರುತ್ತಾನೆ ಅಂದುಕೊಂಡೆ.

"ಅಮ್ಮನನ್ನು ಕರಿ," ಅಂದ. "ಕಲ್ಲು ನೆಡಬೇಕು. ಆ ಏಳು ಜನರ ಹೊರತು ಊರ ಗಡಿಯೊಳಗೆ ನೆಲ ಇರುವವರು ಯಾರೂ ಕಲ್ಲು ಹಿಡಿಯಬಾರದು, ಅದು ಹಳೆಯ ಕಟ್ಟಳೆ. ಇಲ್ಲಿ ಎಲ್ಲರಿಗೂ ಒಂದೊಂದು ಪಟ್ಟಿ ಇದೆ. ಒಂದು ಗೇಣೂ ಇಲ್ಲದವರು ನೀವೇ."

ಅತ್ತೆಗೆ ಹೇಳಿದೆ. ಅವರಿಗೆ ಅವಮಾನವಾಯಿತು! "ನನಗ ಎಂಟ ಎಕರೆ ಐತಿ ಅಂತ ಹೇಳವಾ ಅವಂಗ," ಎಂದು ಗುಡುಗಿದರು. ಹೇಳಿದೆ. ಅಜ್ಜ ಗೌರವದಿಂದ ತಲೆ ಬಾಗಿಸಿ, "ಇಲ್ಲಿ ಇಲ್ಲವಲ್ಲ?" ಎಂದು ಕೇಳಿದ. ಇಲ್ಲಿ ಇಲ್ಲ ಎಂದು ಅತ್ತೆ ಒಪ್ಪಿದರು.

ಹೊಲದಲ್ಲಿ ವಿಲ್ಲಿ ಗೂಟ ಕಿತ್ತ. ಹೆಡ್ವಿಗ್ ಕೈಕಟ್ಟಿ ನಿಂತಿದ್ದಳು. ಅತ್ತೆ ಒಂದು ಕಡೆ, ನಾನೊಂದು ಕಡೆ ಹಿಡಿದು ಕಲ್ಲನ್ನು ಇಳಿಸಿದೆವು. ವಿಲ್ಲಿ ಮಣ್ಣು ತುಂಬಿ ಗುದ್ದಿದ. ವಸಂತದಲ್ಲಿ ಸರ್ವೇ ಕಚೇರಿಯವರು ಬಂದು ಅಳೆದಾಗ ಒಂದು ಬೆರಳಿನಷ್ಟೂ ಹೆಚ್ಚುಕಡಿಮೆ ಇರಲಿಲ್ಲ, ಅದು ಆಮೇಲಿನ ಮಾತು. ಕಲ್ಲು ನಿಂತ ಮೇಲೆ ಅಜ್ಜ ಟೊಪ್ಪಿಗೆ ತೆಗೆದು, ನನಗಲ್ಲ, ನೇರವಾಗಿ ತಂಗಿಗೇ ಹೇಳಿದ:

"ಹೆಡ್ವಿಗ್, ನೀನು ಹೇಳಿದ್ದು ಸರಿ ಇತ್ತು."

ಹೆಡ್ವಿಗ್ ಅಳಲಿಲ್ಲ, ಅಪ್ಪಿಕೊಳ್ಳಲಿಲ್ಲ. "ನನಗೆ ಗೊತ್ತಿತ್ತು," ಅಂದಳು. ಕಟ್ಟಿದ ಕೈ ಬಿಚ್ಚಿ, "ಕಾಫಿ ಇಟ್ಟು ಬಂದಿದ್ದೇನೆ," ಎಂದಳು. ಅಣ್ಣ ಅವಳ ಹಿಂದೆ ಹೊರಟ. ನಾಲ್ಕು ಹೆಜ್ಜೆ ಹೋಗಿ, ಏನೋ ನೆನಪಾದವನಂತೆ ತಿರುಗಿ ನಿಂತ.

"ಮುಂದಿನ ವರ್ಷ ಭೀಮ ಬೇಕಾದರೆ ನನಗೆ ಹೇಳಿ. ಕಲ್ಲುಗಣಿಯಿಂದ ತಂದುಕೊಡುತ್ತೇನೆ."

ಮುಂದಿನ ವರ್ಷ! ಎಂದರೆ ನಮ್ಮ ಮನೆ ಉಳಿದಿತ್ತು. ಆ ಮನೆಯಲ್ಲಿ ಆಮೇಲೆ ಆರು ವರ್ಷ ಇದ್ದೆವು. ಆದರೆ ಆ ಗಳಿಗೆಯಲ್ಲಿ ನೆಮ್ಮದಿಗಿಂತ ಹೆಚ್ಚು ನಾಚಿಕೆಯಾಯಿತು. ಅತ್ತೆ ಕೈಗೆ ಮೆತ್ತಿದ ಮಣ್ಣನ್ನು ಕೊಡವುತ್ತಾ ಮುಂದೆ ಮುಂದೆ ನಡೆಯುತ್ತಿದ್ದರು. ಓಡಿ ಹೋಗಿ ಅವರ ಜೊತೆಯಾದೆ.

"ಅತ್ತಿ, ಅಂವ ತಂಗಿಗೆ ಏನಂದ ಗೊತ್ತಾತ್ರಿ? ನಿಂದ ಖರೆ ಇತ್ತು ಅಂದ."

"ಮಾರಿ ನೋಡಿದ್ರ ತಿಳೀತೈತಿ. ಇಪ್ಪತ್ತೆರಡ ವರ್ಷ ನುಂಗಿಟ್ಟ ಮಾತ ಅದು."

"ಅತ್ತಿ, ನಂದೂ ತಪ್ಪಾತ್ರಿ. ಕಲ್ಲ ಕೀಳೂಮುಂದ ನಾನೂ ಕೈ ಹಚ್ಚಿದ್ದೆ. ನಿಮಗ ಹಂಗ ಅನಬಾರದಿತ್ತು. ನೀವು ಹೋಗಬ್ಯಾಡ್ರಿ."

ಮಾತು ಮುಗಿಯುವ ಮೊದಲೇ ನನಗೆ ಅಳು ಬಂತು. ಅತ್ತೆ ನಿಲ್ಲಲಿಲ್ಲ, ತಿರುಗಿಯೂ ನೋಡಲಿಲ್ಲ. ಮಣ್ಣಿನ ಕೈಯನ್ನೇ ಹಿಂದೆ ಚಾಚಿ ನನ್ನ ಮುಂಗೈ ಹಿಡಿದು ಎಳೆದುಕೊಂಡರು.

"ಅಂವಗ ಇಪ್ಪತ್ತೆರಡ ವರ್ಷ ಹಿಡೀತು, ನೀ ಒಂದ ದಿನಕ್ಕ ಅಂದಿ. ಅವಂಗಿಂತ ಶ್ಯಾಣ್ಯಾಕಿ ಅದಿ ಬಿಡು. ನಡಿ, ಹಸಿವ್ಯಾಗೇತಿ."